ನಾನು ಬಡಿಯದ ಬಾಗಿಲುಗಳು

ದೆವ್ವ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದವಳು. ಕಲ್ಲು ಮಣ್ಣು ಓದಿದ ಭೂವಿಜ್ಞಾನಿಗೆ ಅಂಥ ಮಾತಿಗೆ ಪುರುಸೊತ್ತಾದರೂ ಎಲ್ಲಿ? ಈಗಲೂ ನಾನು ದೆವ್ವವನ್ನು ನಂಬುವುದಿಲ್ಲ. ಆದರೆ ಅಂದು ನಡೆದದ್ದನ್ನು ಏನೆಂದು ಕರೆಯಲಿ, ನೀವೇ ಹೇಳಿ.

ಕೆಲವು ವರ್ಷಗಳ ಹಿಂದೆ ಗಂಗಾವತಿ ಸೀಮೆಯಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಹೇಮಗುಡ್ಡದ ಆಚೆ, ಗುಡ್ಡವೊಂದರ ಬುಡದ ಓಣಿಗೆ ಬಂಡೆ ಉರುಳಿ ದನದ ಕೊಟ್ಟಿಗೆ ಮುರಿಯಿತು. ಮರುದಿನವೇ ನಮ್ಮ ತಂಡ ಅಲ್ಲಿತ್ತು. ಹತ್ತಿ ನೋಡಿದರೆ ದೊಡ್ಡ ಬಂಡೆಗಳ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಬಿರುಕಿನಲ್ಲಿ ನನ್ನ ಕೈ ಮೊಣಕೈವರೆಗೆ ಇಳಿಯಿತು. ಓಣಿಯನ್ನು ಅಂದೇ ಖಾಲಿ ಮಾಡಿಸಬೇಕಿತ್ತು, ಅದರಲ್ಲಿ ಎರಡು ಮಾತಿರಲಿಲ್ಲ.

ಆದರೆ ನಮಗೊಂದು ಕಟ್ಟಳೆ: ಜನರಿಗೆ ನೇರವಾಗಿ ಏನೂ ಹೇಳುವಂತಿಲ್ಲ. ಗಾಬರಿ ಹಬ್ಬುತ್ತದಂತೆ! ನಾವು ತಾಲ್ಲೂಕು ಕಚೇರಿಯ ಸಾಹೇಬರಿಗೆ ಹೇಳಬೇಕು, ಅವರು ಹುಕುಂ ಕೊಡಬೇಕು, ಆಮೇಲೆ ಡಂಗುರ. ತಂಡವೆಲ್ಲ ಜೀಪು ಹತ್ತಿ ಗಂಗಾವತಿಗೆ ಓಡಿದೆವು.

ಸಾಹೇಬರು ಮಳೆಯ ಬಗ್ಗೆ ಸಭೆಯಲ್ಲಿದ್ದರು. ಸಭೆ ಎಂದರೆ ಚಹಾ, ಮಿರ್ಚಿ ಭಜಿ. "ಕುಂದ್ರಿ ಮೇಡಂ, ಗುಡ್ಡ ಎಲ್ಲಿ ಓಡಿ ಹೋಗ್ತೈತಿ?" ಎಂದು ನಕ್ಕರು. ಸಿಟ್ಟಿಗೆ ನನ್ನ ಮೈ ಉರಿದುಹೋಯಿತು. ದೀಪ ಹಚ್ಚಿ ಗಂಟೆ ಕಳೆದರೂ ಹುಕುಂ ಹೊರಡಲಿಲ್ಲ. ನಾನು ಹಳದಿ ರೇನ್‌ಕೋಟಿನಲ್ಲೇ, ತೊಡೆಯ ಮೇಲೆ ಕಲ್ಲೊಡೆಯುವ ಸುತ್ತಿಗೆ ಇಟ್ಟುಕೊಂಡು, ಅವರೆದುರು ಕುಳಿತೇ ಇದ್ದೆ. ಆಗ ಫೋನು ಬಂತು: ಗುಡ್ಡ ಕುಸಿದಿದೆ.

ಹೋಗಿ ನೋಡಿದರೆ ಓಣಿಯೇ ಇರಲಿಲ್ಲ, ಬರೀ ಬಂಡೆ, ಕೆಸರು. ಆದರೆ ಜನ ಶಾಲೆಯ ಅಂಗಳದಲ್ಲಿ ಜೀವಂತ ನಿಂತಿದ್ದರು. ಹನುಮವ್ವ ಎಂಬ ಮುದುಕಿ ನನ್ನ ಕಾಲು ಹಿಡಿಯಲು ಬಂದಳು.

"ನೀವು ಬಂದು ಕೂಗಿದ್ದಕ್ಕ ಉಳದೀವಿ ಯವ್ವಾ. ಸುತ್ತಿಗಿ ತಗೊಂಡು ಬಾಗಿಲಾ ಬಾಗಿಲಾ ಬಡದ್ರಲ್ರೀ, ಹೊರಗ ಬರ್ರಿ ಅಂತ!"

"ನಾ ಗಂಗಾವತ್ಯಾಗ ಇದ್ದೆನಬೇ" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಳದಿ ಕೋಟು, ಸುತ್ತಿಗೆ, ನನ್ನ ದನಿ, ಎಲ್ಲವನ್ನೂ ಅವರು ಕಂಡು ಕೇಳಿದ್ದರು. ನಮ್ಮ ತಂಡದಲ್ಲಿ ಬೇರೆ ಹೆಂಗಸೇ ಇರಲಿಲ್ಲ. ಸಾಹೇಬರು ಮಾತ್ರ ಆಗ ಚುರುಕಾದರು. ಕಟ್ಟಳೆ ಮುರಿದು ಜನರಿಗೆ ಹೇಳಿದ್ದೇಕೆ ಎಂದು ನನಗೇ ನೋಟೀಸು ಕೊಟ್ಟರು. ಅವರ ಕಣ್ಣೆದುರೇ ಕುಳಿತಿದ್ದವಳಿಗೆ! ಥೂ!

ಒಂದು ಜೀವ ಮಾತ್ರ ಹೋಗಿತ್ತು. ಕೊನೆಯ ಮನೆಯ ಯಮನಪ್ಪನ ಹೆಂಡತಿ ಗಂಗವ್ವ. ಯಮನಪ್ಪನನ್ನು ಕೆಸರಿನಿಂದ ಎಳೆದು ತೆಗೆದಿದ್ದರು. ಕೊಪ್ಪಳದ ದವಾಖಾನೆಗೆ ಅವನನ್ನು ನೋಡಲು ಹೋದೆ.

ಆ ಓಣಿಯಲ್ಲೊಂದು ನಂಬಿಕೆ. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರೇ ಕರೆದರೂ ಮೂರನೇ ಕೂಗಿನವರೆಗೆ ಬಾಗಿಲು ತೆಗೆಯಬಾರದು. ದೆವ್ವವಾದರೆ ಎರಡೇ ಸಲ ಕೂಗುತ್ತದಂತೆ. ಯಮನಪ್ಪ ನನ್ನನ್ನು ಸುಡುವಂತೆ ನೋಡಿದ.

"ಆಕಿ ಏಳಾಕ ಹತ್ತಿದ್ಲು. ನಾನ ಕೈ ಹಿಡದು ಕುಂದ್ರಿಸಿದೆ, ಇನ್ನೊಂದು ಸಲ ಕೂಗ್ಲಿ ತಡಿ ಅಂತ. ಎಲ್ಲಾರ ಮನಿ ಮುಂದ ಮೂರು ಸಲ ಕೂಗೀರಿ. ನಮ್ಮ ಮನಿ ಮುಂದ ಎರಡ ಸಲ ಕೂಗಿ ಯಾಕ ಹೋದ್ರಿ?"

ನಾನು ಅಲ್ಲಿರಲೇ ಇಲ್ಲ ಎಂದು ಅವನಿಗೆ ಹೇಳುವ ಧೈರ್ಯ ಬರಲಿಲ್ಲ. ತಲೆ ತಗ್ಗಿಸಿ ಬಂದೆ.

ಅಂದು ಅಲ್ಲಿಗೆ ಬಂದದ್ದು ಯಾರು, ಏನು, ಇಂದಿಗೂ ನನಗೆ ತಿಳಿದಿಲ್ಲ. ಸಾಹೇಬರ ಮೇಲಿನ ಸಿಟ್ಟು ಸಾಯುವತನಕ ಆರುವುದಿಲ್ಲ. ಆದರೆ ನನ್ನ ದನಿ ಹೊತ್ತು ತಿರುಗಿದ ಅದರ ಮೇಲೂ ನನಗೆ ಸಿಟ್ಟಿದೆ. ಅಷ್ಟು ದೂರ ಬಂದಿತ್ತು, ಇನ್ನೊಂದು ಸಲ ಕೂಗಬಾರದಿತ್ತೆ?