ಕುಂಕುಮ ಕಂಡ ಮೇಲೆ ಕೆಲಸ ಮುಗಿಯಿತು

ಈ ಸಲದ ಆಯುಧಪೂಜೆಯಲ್ಲಿ ನಾನು ಒಂದು ಬಾಗಿಲಿಗೆ ಅರಿಶಿನ ಕುಂಕುಮ ಹಚ್ಚಿದೆ. ಮನೆಯ ಬಾಗಿಲಿಗಲ್ಲ, ಅಣೆಕಟ್ಟಿನ ಬಾಗಿಲಿಗೆ!

ನಗಬೇಡಿ. ನನ್ನ ತಮ್ಮ ನಾಗರಾಜನಿಗೆ ಪೀಣ್ಯದಲ್ಲಿ ಒಂದು ವೆಲ್ಡಿಂಗ್ ಶೆಡ್ಡಿದೆ. ಕಿಟಕಿ ಗ್ರಿಲ್ಲು, ನೀರಿನ ಟ್ಯಾಂಕು ಎಂದು ಕೇಳಿದ್ದನ್ನೆಲ್ಲ ಮಾಡಿಕೊಡುತ್ತಾನೆ. ಪ್ರತಿ ವರ್ಷ ಪೂಜೆಗೆ ನಾನು ಹೋಗಲೇಬೇಕು. (ಅಕ್ಕ ಬಂದರೆ ಶುಭ ಎನ್ನುತ್ತಾನೆ. ಅಷ್ಟು ಜನಕ್ಕೆ ಕೋಸಂಬರಿ ಕಲಸಲು ಬೇರೆ ಯಾರೂ ಇಲ್ಲ ಎನ್ನುವುದು ನಿಜವಾದ ಕಾರಣ.) ಈ ಸಲ ಶೆಡ್ಡಿನ ನಡುವೆ ಆಳೆತ್ತರದ ಕಬ್ಬಿಣದ ಬಾಗಿಲೊಂದು ಬೆಳ್ಳಿಬಣ್ಣ ಬಳಿಸಿಕೊಂಡು ನಿಂತಿತ್ತು.

"ಇದು ಯಾವ ಗೋಡೌನಿಗೋ?" ಅಂದೆ.

"ಗೋಡೌನಿಗಲ್ಲ ಕಣಕ್ಕ, ಡ್ಯಾಮಿಗೆ. ಪ್ರೈವೇಟ್ ಡ್ಯಾಮು."

ಖಾಸಗಿ ಅಣೆಕಟ್ಟು ಎಂಬುದೂ ಇರುತ್ತದೆಯೇ? ಇರುತ್ತದಂತೆ. ಪೀಣ್ಯದಲ್ಲೇ ಆಫೀಸಿರುವ ಯಜಮಾನರೊಬ್ಬರಿಗೆ ದೂರದ ಬೆಟ್ಟದ ಬುಡದಲ್ಲಿ ಮಿಲ್ಲಿದೆ. ಅವರ ತಂದೆ ಅಲ್ಲಿನ ಹಳ್ಳಕ್ಕೆ ಕಟ್ಟೆ ಕಟ್ಟಿ ಸಣ್ಣ ಟರ್ಬೈನು ಕೂರಿಸಿದ್ದರು. ನಾವೆಲ್ಲ ಪವರ್ ಕಟ್‌ನಲ್ಲಿ ಬೀಸಣಿಗೆ ಹಿಡಿದು ಕೂತಾಗಲೂ ಆ ಮಿಲ್ಲು ಓಡುತ್ತದೆ. ಹಳೆಯ ಬಾಗಿಲು ತುಕ್ಕು ತಿಂದಿತ್ತು, ಹೊಸದಕ್ಕೆ ನಾಗರಾಜನಿಗೆ ಆರ್ಡರ್ ಕೊಟ್ಟಿದ್ದರು.

ಹಬ್ಬದ ಹಿಂದಿನ ವಾರ ಪೀಣ್ಯದಲ್ಲಿ ಕರೆಂಟೇ ಇರಲಿಲ್ಲ. ಹಾಗಾಗಿ ಬಾಗಿಲಿಗೆ ಬಲ ಕೊಡುವ ಹಿಂಬದಿಯ ಪಟ್ಟಿಗಳನ್ನು ಅಲ್ಲೊಂದು ಇಲ್ಲೊಂದು ಚುಕ್ಕೆ ವೆಲ್ಡ್ ಮಾಡಿ ನಿಲ್ಲಿಸಿದ್ದರು. ಇದಕ್ಕೆ ಟ್ಯಾಕ್ ಅನ್ನುತ್ತಾರೆ. ರವಿಕೆ ಹೊಲಿಯುವವರು ಮೊದಲು ಕಚ್ಚಾ ಹೊಲಿಗೆ ಹಾಕುತ್ತಾರಲ್ಲ, ಹಾಗೆ. ಗಟ್ಟಿ ವೆಲ್ಡಿಂಗ್ ಹಬ್ಬ ಕಳೆದ ಮೇಲೆ. ಕರೆಂಟು ತಯಾರಿಸುವ ಬಾಗಿಲು ಕರೆಂಟಿಲ್ಲದೆ ಅರ್ಧಕ್ಕೆ ನಿಂತಿತ್ತು, ನೋಡಿ.

ಆದರೆ ಹಬ್ಬವೆಂದರೆ ಶೆಡ್ಡಿನಲ್ಲಿರುವ ಎಲ್ಲದಕ್ಕೂ ಬಣ್ಣ ಬೀಳಬೇಕು. ಪೇಂಟರ್ ರಂಗಪ್ಪ ಡ್ರಿಲ್ಲಿಂಗ್ ಮೆಷೀನಿಗೆ ಹಸಿರು ಬಳಿದ, ಈ ಬಾಗಿಲಿಗೆ ಬೆಳ್ಳಿ ಬಳಿದ. ಸಂದುಗಳಿಗೆ ಪುಟ್ಟಿ ತುಂಬಿ ನುಣ್ಣಗೂ ಮಾಡಿದ.

"ಇದಕ್ಯಾಕೋ ಹೊಡ್ದೆ? ವೆಲ್ಡ್ ಮಾಡೋಕೆ ಮತ್ತೆ ಕೆರೀಬೇಕಲ್ಲೋ," ಎಂದು ನಾಗರಾಜ ಬೈದ.

"ತುಕ್ಕು ಹಿಡ್ದಿರೋದಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ ಸಾರ್?" ಅಂದ ರಂಗಪ್ಪ. ಎಲ್ಲರೂ ನಕ್ಕೆವು. ನಾನು ಕುಂಕುಮ ಹಚ್ಚಿದೆ, ಕುಂಬಳಕಾಯಿ ಒಡೆದರು.

ಮಾರನೆಯ ದಿನ ನಾಗರಾಜ ಹೆಂಡತಿಯ ತವರಿಗೆ ಹೋದ. ಅವನಿಲ್ಲದಾಗ ಯಜಮಾನರ ಲಾರಿ ಬಂತು. ಬಾಗಿಲು ಮಿಂಚುತ್ತಿದೆ, ಹೂವಿದೆ, ಕುಂಕುಮವಿದೆ. ಇನ್ನೇನು ಬೇಕು? ಹೇರಿಕೊಂಡು ಹೋದರು. ಗೀಚಿದ ಕಡೆ ಬಣ್ಣ ಮುಟ್ಟಿಸಲು ರಂಗಪ್ಪನೂ ಜೊತೆಗೆ ಹೋದ. ಕೆಲಸ ಚೆನ್ನಾಗಿದೆ ಎಂದು ಯಜಮಾನರು ಅವನನ್ನು ಅಣೆಕಟ್ಟಿನ ಗೇಟು ಕಾಯಲು ಅಲ್ಲೇ ಇಟ್ಟುಕೊಂಡರು. ಕಟ್ಟೆಯ ಕೆಳಗೇ ಒಂದು ರೂಮು. ಲಗ್ಗೆರೆಯಲ್ಲಿದ್ದ ಅವನ ಹೆಂಡತಿ ಜಯಮ್ಮ ಮಕ್ಕಳೊಂದಿಗೆ ಹೊರಡಲು ಪಾತ್ರೆ ಕಟ್ಟಲು ಶುರು ಮಾಡಿದಳು.

ನಾಗರಾಜ ಊರಿಂದ ಬರುವಷ್ಟರಲ್ಲಿ ಬಾಗಿಲು ಕೂರಿಸಿ ನೀರೂ ನಿಲ್ಲಿಸಿಯಾಗಿತ್ತು. ಅವನ ಮುಖ ನೋಡುವ ಹಾಗಿರಲಿಲ್ಲ. "ಅಕ್ಕಾ, ನೀನೂ ಬಾ. ಪೇಪರ್‌ನಲ್ಲಿ ಬರೀತಾಳೆ ಅಂದ್ರೆ ಸ್ವಲ್ಪ ಹೆದರ್ತಾರೆ," ಅಂದ. ಅವನ ಜೊತೆ ಯಜಮಾನರ ಆಫೀಸಿಗೆ ಹೋದೆ. (ಯಾರೂ ಹೆದರಲಿಲ್ಲ.)

"ಸಾರ್, ಅದು ಬರೀ ಟ್ಯಾಕ್. ನೀರಿನ ಭಾರಕ್ಕೆ ಪಟ್ಟಿ ಬಿಟ್ಕೊಂಡು ಬಾಗಿಲೇ ಕಿತ್ಕೊಂಡು ಹೋಗತ್ತೆ. ನೀರು ಖಾಲಿ ಮಾಡ್ಸಿ, ನಾನೇ ಬಂದು ವೆಲ್ಡ್ ಮಾಡಿಕೊಡ್ತೀನಿ," ಎಂದು ನಾಗರಾಜ ಬೇಡಿಕೊಂಡ.

"ಪೂಜೆ ಮಾಡಿದ್ದೀರಲ್ರೀ? ಕುಂಕುಮ ಇತ್ತು. ರೆಡಿ ಆಗ್ದೆ ಇರೋದಕ್ಕೆ ಯಾರ್ರೀ ಪೂಜೆ ಮಾಡ್ತಾರೆ?"

"ಆಯುಧಪೂಜೇಲಿ ಮುರಿದ ಸುತ್ತಿಗೆಗೂ ಕುಂಕುಮ ಇಡ್ತೀವಿ ಸಾರ್," ಅಂದೆ ನಾನು.

ಯಜಮಾನರು ನನ್ನ ಕಡೆ ತಿರುಗಿ ನಯವಾಗಿಯೇ ಹೇಳಿದರು: "ಮೇಡಂ, ಈಗ ನೀರು ಬಿಟ್ರೆ ಮಳೆಗಾಲದವರೆಗೆ ಮಿಲ್ ನಿಲ್ಲತ್ತೆ. ಕೆಳಗೆ ಊರೇನಾದ್ರೂ ಇದ್ಯಾ? ಆ ಗೇಟಿನವನ ರೂಮೊಂದೇ."

ಒಂದೇ! ನನಗೆ ಮೈ ಉರಿದುಹೋಯಿತು. ಆ ರೂಮಿನಲ್ಲಿರುವುದು ಕುರ್ಚಿ ಮೇಜೇ? ಅಲ್ಲಿಂದ ಒಂದು ಸರ್ಕಾರಿ ಕಚೇರಿಗೆ ಹೋದೆವು. "ಅದು ಅವರ ಸ್ವಂತದ್ದಲ್ವಾ?" ಅಂದರು. ಸ್ವಂತ ಜಾಗ, ಸ್ವಂತ ಕಟ್ಟೆ, ಒಪ್ಪಿದೆ. ಅದರಡಿ ಮಲಗುವವನ ಪ್ರಾಣವೂ ಯಜಮಾನರ ಸ್ವಂತವೇ? ಯಾರನ್ನು ಕೇಳಬೇಕೋ ತಿಳಿಯಲಿಲ್ಲ.

ಕೊನೆಗೆ ನಾಗರಾಜ ಬಸ್ಸು ಹತ್ತಿ ಹೋಗಿ ರಂಗಪ್ಪನನ್ನು ಕರೆದುಕೊಂಡೇ ಬಂದ. ಅವರು ಹೊರಡುವಷ್ಟರಲ್ಲೇ ಮಿಲ್ಲಿನವರು ಆ ರೂಮಿಗೆ ಬೇರೊಬ್ಬನನ್ನು ತಂದು ಬಿಟ್ಟರಂತೆ. ಅವನ ಬೆನ್ನ ಹಿಂದೆ ಹೆಂಡತಿ, ಅವಳ ಕಂಕುಳಲ್ಲಿ ಕೂಸು. ನಾಗರಾಜ ಇದನ್ನು ನನಗೆ ಹೇಳಿದ್ದು ಬಂದು ಎರಡು ಲೋಟ ಕಾಫಿ ಕುಡಿದಾದ ಮೇಲೆ. ನನಗಂತೂ ಆ ಹೊತ್ತಿಗೆ ಸಮಾಧಾನವಾಗಿಬಿಟ್ಟಿತ್ತು. ನಮ್ಮವನು ಬಂದನಲ್ಲ, ಸಾಕು ಅನ್ನಿಸಿತ್ತು.

ನಿನ್ನೆ ಜಯಮ್ಮ ಮನೆಗೆ ಬಂದಿದ್ದಳು. ಕಟ್ಟಿದ್ದ ಪಾತ್ರೆ ಬಿಚ್ಚಿಟ್ಟು ಬಂದೆ, ನಿಮ್ಮ ತಮ್ಮ ದೇವರಂಥವರು ಎಂದು ಕಣ್ಣೊರೆಸಿಕೊಂಡಳು. ಹೊರಟವಳು ಮೆಟ್ಟಿಲ ಮೇಲೆ ನಿಂತು, ಸುಮ್ಮನೆ ತಿಳಿದುಕೊಳ್ಳಲು ಎಂಬಂತೆ ಕೇಳಿದಳು:

"ಅಲ್ಲಕ್ಕಾ, ಆ ಹೊಸಬ್ರಿಗೆ ಯಾರಾದ್ರೂ ಹೇಳಿದ್ರಾ?"