ದಿಬ್ಬಣ ಬಂದ ಗೇಟು

ನನ್ನ ಕೆಲಸ ಗೇಟು ಕಾಯುವುದು. ಟೋಪಿ ನನ್ನ ತಲೆಗಿಂತ ದೊಡ್ಡದು, ಅಧಿಕಾರ ಟೋಪಿಗಿಂತ ಚಿಕ್ಕದು. ಕಿಯಾಂಬು ಕಡೆಯ ಕಾಫಿ ತೋಟವೊಂದನ್ನು ಬೇರುಸಹಿತ ಕಿತ್ತು, ಸಾಲುಮನೆ ಕಟ್ಟಿ, 'ಕಾಫಿ ಗಾರ್ಡನ್ಸ್' ಎಂದು ಬೋರ್ಡು ಹಾಕಿದ್ದಾರೆ. ಕಿತ್ತದ್ದರ ಹೆಸರನ್ನೇ ಇಡುವುದು ಇಲ್ಲಿಯ ರೂಢಿ.

ಆ ತೋಟದಲ್ಲಿ ಹಣ್ಣು ಬಿಡಿಸಿಯೇ ಪ್ರಾಯ ಕಳೆದವಳು ನ್ಯಗುಥಿ. ಊರಿಗೆಲ್ಲ ಶೋಶೋ, ಅಂದರೆ ಅಜ್ಜಿ. ಗಂಡ ಸತ್ತ ಮೇಲೆ ಕೂಲಿಯಲ್ಲಿ ಉಳಿಸಿ ಹೊಳೆದಂಡೆಯಲ್ಲಿ ಒಂದು ತುಂಡು ನೆಲ ಕೊಂಡಳು. ಅಲ್ಲೊಂದು ಕೊಟ್ಟಿಗೆ, ಒಂದು ಹಸು, ಸುತ್ತ ಮೇವಿನ ಹುಲ್ಲು. ಮನೆ ತೋಟದ ಈಚೆ, ಹಸು ಆಚೆ. ನಡುವಿನ ಮಣ್ಣುದಾರಿ ಅವಳ ಪಾದವೇ ಸವೆಸಿದ್ದು. ಈಗ ಅದಕ್ಕೆ ಟಾರು ಬಿದ್ದಿದೆ, ಟಾರಿಗೆ ಅಡ್ಡ ಗೇಟು, ಗೇಟಿನ ಮುಂದೆ ನಾನು.

ನಿಯಮ ಇಷ್ಟೇ: ಬಂದವರು ಯಾರ ಮನೆಗೆಂದು ಹೇಳಬೇಕು, ನಾನು ಆ ಮನೆಗೆ ಫೋನು ಮಾಡಬೇಕು, ಅವರು ಹೂಂ ಅಂದರೆ ಬಿಡಬೇಕು. ಮೊದಲ ದಿನ ಎದೆಯುಬ್ಬಿಸಿ ಕೇಳಿದೆ.

"ಯಾರನ್ನ ನೋಡ್ಬೇಕು, ಶೋಶೋ?"

"ನನ್ನ ಹಸೂನ. ಫೋನ್ ಮಾಡಪ್ಪ. ಎತ್ಕೊಂಡ್ರೆ, ಮುದುಕಿ ಬರ್ತಿದಾಳೆ ಅಂತ ಹೇಳು."

ಬಿಟ್ಟರೆ ನನ್ನ ಕೆಲಸ ಹೋಗುತ್ತಿತ್ತು. ಬಿಡಲಿಲ್ಲ. ಹೆದ್ದಾರಿ ಸುತ್ತಿ ಅವಳು ತಲುಪುವಷ್ಟರಲ್ಲಿ ಹಸುವಿನ ಕೆಚ್ಚಲು ಬಿಗಿದು ಕಲ್ಲಾಗಿತ್ತಂತೆ. ದಿನವೂ ಇದೇ ಪಾಡು. ಬಡಾವಣೆ ಸಮಿತಿಯ ಅಧ್ಯಕ್ಷೆ ಮುಗುರೆಯನ್ನು ಬೇಡಿಕೊಂಡಳು. ಆಕೆ ಬಾಯ್ತುಂಬ ಅಯ್ಯೋ ಪಾಪ ಅಂದಳೇ ಹೊರತು ದಾರಿ ಕೊಡಲಿಲ್ಲ. ಅದೇ ಮುಗುರೆಗೆ ಚಹಾಕ್ಕೆ ಶೋಶೋಳ ಹಾಲೇ ಆಗಬೇಕು.

ಒಂದು ಶನಿವಾರ ಬೆಳಿಗ್ಗೆ ಶೋಶೋ ಓರಗೆಯ ಹೆಂಗಸರನ್ನು ಕಟ್ಟಿಕೊಂಡು ಹಾಡುತ್ತ ಬಂದಳು. ನಮ್ಮಲ್ಲಿ ಗಂಡಿನ ದಿಬ್ಬಣ ಹೆಣ್ಣಿನ ಮನೆಗೆ ಹಾಗೇ ಬರುವುದು. ಒಳಗಿನ ಹೆಂಗಸರು ಗೇಟು ಹಿಡಿದು ಹಾಡಿನಲ್ಲೇ ಕೆಣಕಬೇಕು, ಹೊರಗಿನವರು ಹಾಡಿನಲ್ಲೇ ಒಲಿಸಬೇಕು, ಆಮೇಲೆ ಗೇಟು ತೆಗೆಯಲೇಬೇಕು. ಆ ರಾಗ ಕಿವಿಗೆ ಬಿದ್ದರೆ ನಮ್ಮ ಹೆಂಗಸರ ಬಾಯಿ ಸುಮ್ಮನಿರದು. ಬಾಲ್ಕನಿಗಳು ಖಾಲಿಯಾದವು. ಎಲ್ಲರಿಗಿಂತ ಮೊದಲು ಗೇಟಿಗೆ ಓಡಿ ಬಂದು ಉತ್ತರ ಹಾಡಿದವಳು ಮುಗುರೆ, ಹಲ್ಲುಜ್ಜುವ ಬ್ರಷ್ಷು ಕೈಯಲ್ಲೇ ಹಿಡಿದು. ಹಾಡಿ ಮುಗಿದ ಮೇಲೆ ಅವಳ ಮುಖ ಇಳಿಯಿತು. ಉತ್ತರ ಕೊಟ್ಟು ಬಾಗಿಲು ಮುಚ್ಚಿಡುವಂತಿಲ್ಲ. ನಾನು ತೆಗೆದೆ, ದಾರಿ ನಾನೇ ದಾನ ಮಾಡಿದವನಂತೆ ಸಲಾಮು ಬೇರೆ ಹೊಡೆದೆ.

ಮುಂದಿನ ವಾರ ಸಮಿತಿ ಹೊಸ ಗೇಟು ತರಿಸಿತು. ಕಾರ್ಡು ತೋರಿಸಿದರೆ ತಾನೇ ಸರಿಯುತ್ತದೆ. ಕಾರ್ಡು ಒಳಗಿನ ಮನೆಯವರಿಗೆ ಮಾತ್ರ. ಈ ಗೇಟಿಗೆ ಹಾಡು ಕೇಳಿಸದು. ನನ್ನನ್ನು ಉಳಿಸಿಕೊಂಡರು, ಅದು ಕೆಟ್ಟಾಗ ತಳ್ಳಲಿಕ್ಕೆ. ಇನ್ನೊಮ್ಮೆ ಹಾಡಿ ನೋಡಿ ಎಂದು ನಾನು ಶೋಶೋಗೆ ಬುದ್ಧಿ ಹೇಳಹೋದೆ.

"ಹೆಣ್ಣು ತರೋಕೆ ಒಂದ್ಸಲ ಹಾಡಿದ್ರೆ ಸಾಕು, ಮಗಾ," ಅಂದಳು. "ಹಸೂನ ದಿನಕ್ಕೆರಡು ಸಲ ಕರೀಬೇಕು."

ತಿಂಗಳಲ್ಲಿ ಹಸುವನ್ನು ಮಾರಿದಳು. ಕೊಂಡವನ ಪಿಕಪ್ಪಿಗೆ ಸಮಿತಿ ತಕ್ಷಣ ಅಪ್ಪಣೆ ಕೊಟ್ಟಿತು. ಹಸು ಅದೇ ದಾರಿಯಲ್ಲಿ ಗಾಡಿಯ ಮೇಲೆ ನಿಂತುಕೊಂಡು ಬಂತು. ಶೋಶೋ ಗೇಟಿನ ಈಚೆ, ಅದನ್ನು ಕಟ್ಟುತ್ತಿದ್ದ ಹಗ್ಗ ಹಿಡಿದು ಕಾಯುತ್ತಿದ್ದಳು. ಅವತ್ತಾದರೂ ಗೇಟು ಕೆಡಬಾರದಿತ್ತೇ? ಕೆಡಲಿಲ್ಲ. ಎಣ್ಣೆ ಹಚ್ಚಿದಂತೆ ಸರಿಯಿತು.