ಕೊರಿಯಾದ ಬೀಗರು

ಅಮೆರಿಕದ ಫ್ರೀಮಾಂಟಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಕೊರಿಯಾದ ಅಜ್ಜರೊಬ್ಬರು ಬಂದು ಕುರ್ಚಿಯಲ್ಲಿ ಕೂತರು. ಸೂಜಿ ಕಂಡದ್ದೇ ತಡ, ತೋಳನ್ನು ಕೊರಡಿನಂತೆ ಬಿಗಿಮಾಡಿಕೊಂಡರು. ಮೊದಲ ಸಲ ಚುಚ್ಚಿದ್ದು ತಪ್ಪಿಯೇ ಹೋಯಿತು. ಅಜ್ಜ ಎದ್ದು ಹೊರಟೇಬಿಟ್ಟರು.

ಬಾಗಿಲ ಹತ್ತಿರ ನಿಂತು ಸಿಟ್ಟಿನಿಂದ ಕೇಳಿದರು, "ನಿಮ್ಮದು ಯಾವ ದೇಶ?"

"ಇಂಡಿಯಾ, ಸಾರ್."

ಅಜ್ಜ ವಾಪಸ್ ಬಂದು ಕೂತರು. "ಹಾಗಾದರೆ ನೀವು ನಮ್ಮ ಅಜ್ಜಿಯ ತವರಿನವರು!"

ಅವರ ವಂಶದ ಮೂಲಪುರುಷ ಸುರೊ ಎಂಬ ರಾಜನಂತೆ. ಎರಡು ಸಾವಿರ ವರ್ಷದ ಹಿಂದೆ ಆಕಾಶದಿಂದ ಇಳಿದ ಚಿನ್ನದ ಮೊಟ್ಟೆಯಲ್ಲಿ ಹುಟ್ಟಿದವನಂತೆ. ಮಂತ್ರಿಗಳು ಹೆಣ್ಣು ತೋರಿಸುತ್ತೇವೆಂದರೆ ಬೇಡ, ನನ್ನ ಹೆಂಡತಿಯನ್ನು ದೇವರೇ ಕಳಿಸುತ್ತಾನೆ ಅಂದನಂತೆ. ಕೊನೆಗೆ ಕೆಂಪು ಹಾಯಿಯ ಹಡಗಿನಲ್ಲಿ ನಮ್ಮ ಕಡೆಯ ರಾಜಕುಮಾರಿ ಬಂದಿಳಿದು ಅವನನ್ನು ಮದುವೆಯಾದಳಂತೆ; ಅವಳೇ ಇವರ ಅಜ್ಜಿ.

"ನಮ್ಮ ರಾಜ ನೂರೈವತ್ತೆಂಟು ವರ್ಷ ಬದುಕಿದ್ದ" ಎಂದು ಅಜ್ಜ ಎದೆಯುಬ್ಬಿಸಿದರು.

"ನಮ್ಮ ಹುಡುಗಿಯ ಕೈಯಡುಗೆ, ಸಾರ್" ಅಂದೆ.

ಅಜ್ಜ ಬಿದ್ದು ಬಿದ್ದು ನಕ್ಕರು. ನಗು ನಿಂತಾಗ ತೋಳು ತಾನಾಗಿ ಸಡಿಲವಾಗಿತ್ತು, ನರವೂ ಸಿಕ್ಕಿತು. ನಮ್ಮಲ್ಲಿ ಇಂಥ ನಂಟರಿಗೆ ಬೀಗರು ಅಂತೀವಿ ಎಂದು ಹೇಳಿಕೊಟ್ಟೆ. "ಬೀಗರು, ಬೀಗರು" ಎಂದು ಬಾಯಿಪಾಠ ಮಾಡುತ್ತಾ, ಬಗ್ಗಿ ಥ್ಯಾಂಕ್ಸ್ ಹೇಳಿ ಹೋದರು.

ಮದುವೆಮನೆಯಲ್ಲಿ ಚುಚ್ಚುವುದು ಯಾವಾಗಲೂ ಗಂಡಿನ ಕಡೆಯವರ ಹಕ್ಕು. ಬೀಗರನ್ನು ಎರಡೆರಡು ಸಲ ಚುಚ್ಚಿ, ಮೇಲೆ ಥ್ಯಾಂಕ್ಸನ್ನೂ ಹೇಳಿಸಿಕೊಂಡ ಹೆಣ್ಣಿನ ಕಡೆಯವಳು ನಾನೊಬ್ಬಳೇ ಇರಬೇಕು.